ಇರಾಕಿಗೆ ಹೋಗದೆ ಬ್ಯಾಬಿಲೋನ್ ನೋಡಿದ್ದು

ಊರಿನಿಂದ ಅಪ್ಪ-ಅಮ್ಮ ಬಂದರೆ ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ಪಟ್ಟಿ ಚಿಕಾಗೋ ಕನ್ನಡಿಗರ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಲೆಮಾಂಟಿನ ರಾಮ ದೇವಸ್ಥಾನ, ಅರೋರಾದ ಬಾಲಾಜಿ, ವಿಲ್ಲಿಸ್ ಟವರ್ ಎಂದು ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ನಾವು ಬಿಡದೆ ಸಿಯರ್ಸ್ ಟವರ್ ಎಂದೇ ಕರೆಯುವ ಕಟ್ಟಡ, 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಆರ್ಟ್ ಇನ್‌ಸ್ಟಿಟ್ಯೂಟ್. ಲಾಂಗ್ ವೀಕೆಂಡ್ ಸಿಕ್ಕರೆ ನಯಾಗರ. ದಾರಿಯಲ್ಲಿ ಡೆಟ್ರಾಯಿಟಿನ ಸ್ನೇಹಿತರ ಮನೆಯಲ್ಲಿ ಒಂದು ರಾತ್ರಿ, ಮಾರನೆಯ ದಿನ ಡಿಯರ್‌ಬಾರ್ನಿನ ಫೋರ್ಡ್ ಮ್ಯೂಸಿಯಮ್. ಇಷ್ಟಾದರೆ ಅಮೆರಿಕ ತೋರಿಸಿದಂತಾಯಿತು ಎಂದು ನಾವೂ ನಿಟ್ಟುಸಿರು ಬಿಡುತ್ತೇವೆ, ಅವರೂ ಬಿಡುತ್ತಾರೆ.

2023ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ ಅಪ್ಪ ಈ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು, "ಇದೆಲ್ಲ ಸರಿ. ಬ್ಯಾಬಿಲೋನ್ ನೋಡೋಕೆ ಆಗುತ್ತಾ?" ಎಂದರು.

ಅಪ್ಪ ಹಾಸನ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತಮೂರು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಪ್ರತಿ ಜೂನ್ ತಿಂಗಳು ಶಾಲೆ ಶುರುವಾದರೆ ಮೊದಲ ಪಾಠಗಳಲ್ಲಿ ಮೆಸಪೊಟೇಮಿಯಾ ಬರುತ್ತಿತ್ತು. ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಇದು ಯೂಫ್ರೆಟಿಸ್, ಇದು ಟೈಗ್ರಿಸ್, ಇದರ ನಡುವೆ ನಾಗರಿಕತೆ ಹುಟ್ಟಿತು ಎಂದು ಸಾವಿರಾರು ಮಕ್ಕಳಿಗೆ ಹೇಳಿದ್ದಾರೆ. ಹೇಳಿದವರು ಹಂಪೆ, ಶ್ರವಣಬೆಳಗೊಳ, ಬೇಲೂರು ಬಿಟ್ಟು ಹಳೆಯ ಊರೆಂದು ಬೇರೇನನ್ನೂ ಕಂಡವರಲ್ಲ.

ಈ ಪ್ರಶ್ನೆಯ ಹಿಂದೆ ಇನ್ನೊಂದು ಹಳೆಯ ಕತೆಯೂ ಇತ್ತು. 2003ರ ಏಪ್ರಿಲ್‌ನಲ್ಲಿ ನಾವು ಡೆಟ್ರಾಯಿಟಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೆವು. ನಾಲ್ಕು ಜನ ಕನ್ನಡದ ಹುಡುಗರು, ಎರಡು ಹಾಸಿಗೆ, ಒಂದು ಹಳೆಯ ಟಿ.ವಿ. ಬಾಗ್ದಾದ್ ಅಮೆರಿಕದ ಸೈನ್ಯದ ಕೈಸೇರಿದ ವಾರ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಸುಮಾರು 15 ಸಾವಿರ ಪ್ರಾಚೀನ ವಸ್ತುಗಳು ಕಾಣೆಯಾದವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಆಮೇಲೆ ಮರಳಿ ಸಿಕ್ಕಿದ್ದು. ಕಾಲಿಂಗ್ ಕಾರ್ಡ್ ಗೀರಿ ನಂಬರ್ ಒತ್ತಿ ಮನೆಗೆ ಫೋನ್ ಮಾಡಿದರೆ ಅಪ್ಪ ನಮ್ಮ ಪರೀಕ್ಷೆ, ಊಟ ಯಾವುದನ್ನೂ ವಿಚಾರಿಸಲಿಲ್ಲ. "ಮ್ಯೂಸಿಯಮ್ ಹೋಯಿತಂತಲ್ಲೋ" ಎಂದು ಸುಮ್ಮನಾದರು. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿ ಅದು. ನಮಗೋ ಮುಂದಿನ ವಾರದ ಅಸೈನ್‌ಮೆಂಟಿನ ಚಿಂತೆ, ಜೊತೆಗೆ ಕಾರ್ಡಿನಲ್ಲಿ ಉಳಿದಿದ್ದ ನಿಮಿಷಗಳ ಚಿಂತೆ.

ಆಗ ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ವುಡ್‌ವರ್ಡ್ ಅವೆನ್ಯೂವಿನ ಪಬ್ಲಿಕ್ ಲೈಬ್ರರಿಗೆ ನಾವು ವಾರಕ್ಕೆರಡು ಸಲ ಹೋಗುತ್ತಿದ್ದೆವು. ಅದರ ಎದುರಿಗೇ, ರಸ್ತೆಯ ಆ ಬದಿಗೆ ಇದ್ದ ಬಿಳಿಯ ದೊಡ್ಡ ಕಟ್ಟಡ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್. ಬ್ಯಾಬಿಲೋನಿನ ಊರಬಾಗಿಲಿನ ಒಂದು ತುಂಡು 1931ರಿಂದ ಆ ಸಂಸ್ಥೆಯ ಸ್ವತ್ತು. ಎರಡು ವರ್ಷದಲ್ಲಿ ಒಮ್ಮೆಯೂ ನಾವು ರಸ್ತೆ ದಾಟಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಅಪ್ಪ ಕೇಳಿದಾಗ ನಿಜವಾಗಿಯೂ ಇರಾಕಿಗೇ ಹೋಗಬಹುದೇ ಎಂದು ನೋಡಿದೆವು. ಬ್ಯಾಬಿಲೋನ್ ಇರುವುದು ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್ ದೂರದಲ್ಲಿ. 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2021ರಿಂದ ಇರಾಕ್ ಅಮೆರಿಕದ ಪಾಸ್‌ಪೋರ್ಟಿನವರಿಗೆ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡಲು ಶುರುಮಾಡಿತ್ತು. ಆದರೆ ಅಮೆರಿಕದ ವಿದೇಶಾಂಗ ಇಲಾಖೆ ಆಗ ಆ ದೇಶವನ್ನು 'ಹೋಗಬೇಡಿ' ಎನ್ನುವ ಕಡೆಯ ಹಂತದಲ್ಲಿ ಇಟ್ಟಿತ್ತು. ಎಪ್ಪತ್ತೇಳು ವರ್ಷದ ಅಪ್ಪ, ಮಂಡಿನೋವಿನ ಅಮ್ಮ, ಸ್ಕೂಲಿನ ಎರಡು ಮಕ್ಕಳು. ಅಮ್ಮನೇ ತೀರ್ಪು ಕೊಟ್ಟರು: "ಸುಮ್ಮನೆ ಕೂತ್ಕೊಳ್ರೋ." ಹಾಗಾಗಿ ಇರಾಕಿನಿಂದ ನಮ್ಮ ಹತ್ತಿರಕ್ಕೇ ಬಂದಿರುವುದನ್ನು ನೋಡುವುದೆಂದು ಗೊತ್ತುಮಾಡಿಕೊಂಡೆವು. ಹುಡುಕುತ್ತಾ ಹೋದರೆ, ಚಿಕಾಗೋ ಮತ್ತು ಡೆಟ್ರಾಯಿಟ್ ಎರಡರಲ್ಲೂ ಸೇರಿ ಬಂದಿರುವುದು ಕಡಿಮೆಯೇನಲ್ಲ!

ಮೊದಲ ಗುರುತು ಸಿಕ್ಕಿದ್ದು ಡೆವಾನಿನಲ್ಲಿ. ಡೆವಾನ್ ಅವೆನ್ಯೂ ಗೊತ್ತಿಲ್ಲದ ಚಿಕಾಗೋ ಕನ್ನಡಿಗರಿಲ್ಲ. ರವೆ, ಹುರುಳಿಕಾಳು, ಸೀರೆ, ಪಾನ್ ಎಲ್ಲಕ್ಕೂ ಅಲ್ಲಿಗೇ ಹೋಗಬೇಕಿದ್ದ ಕಾಲವೊಂದಿತ್ತು. ಅದನ್ನು ಅಡ್ಡಹಾಯುವ ವೆಸ್ಟರ್ನ್ ಅವೆನ್ಯೂವಿನ ಒಂದು ಭಾಗಕ್ಕೆ ಗೌರವಾರ್ಥವಾಗಿ 'ಕಿಂಗ್ ಸಾರ್ಗಾನ್ ಬುಲೆವಾರ್ಡ್' ಎಂಬ ಹೆಸರಿದೆ. ಮಿಷಿಗನ್ ಅವೆನ್ಯೂವಿಗೆ ಸ್ವಾಮಿ ವಿವೇಕಾನಂದರ ಹೆಸರಿನ ಫಲಕ ಹಾಕಿದ್ದಾರಲ್ಲ, ಹಾಗೆ. ಪಾರ್ಕಿಂಗ್ ಹುಡುಕುವ ಗಡಿಬಿಡಿಯಲ್ಲಿ ನಾವು ಯಾವತ್ತೂ ತಲೆಯೆತ್ತಿ ಓದಿರಲಿಲ್ಲ. ಅಪ್ಪ ಓದಿದರು. "ಸಾರ್ಗಾನ್ ಅಂದರೆ ಅಸ್ಸೀರಿಯಾದ ದೊರೆ ಕಣಯ್ಯ, ಅವನು ಇಲ್ಲೇನು ಮಾಡ್ತಿದಾನೆ?" ಎಂದರು. ಉತ್ತರ ಇಷ್ಟೇ: ಇರಾಕ್, ಇರಾನ್, ಸಿರಿಯಾ, ಟರ್ಕಿಗಳಿಂದ ಚದುರಿಹೋದ ಅಸ್ಸೀರಿಯನ್ ಜನ ಒಂದು ಶತಮಾನಕ್ಕೂ ಹಿಂದಿನಿಂದ ಚಿಕಾಗೋದಲ್ಲಿ ನೆಲೆಸಿದ್ದಾರೆ. ನಾವು ಮಕ್ಕಳಿಗೆ ಪುಲಕೇಶಿ ಎಂದು ಹೆಸರಿಡುವ ಹಾಗೆ ಅವರು ಸಾರ್ಗಾನ್ ಎಂದು ಇಡುತ್ತಾರೆ.

ಆ ದೊರೆಯ ಮನೆಬಾಗಿಲನ್ನು ನೋಡಬೇಕಾದರೆ ದಕ್ಷಿಣಕ್ಕೆ, ಹೈಡ್ ಪಾರ್ಕಿಗೆ ಹೋಗಬೇಕು. ಚಿಕಾಗೋ ವಿಶ್ವವಿದ್ಯಾಲಯದ ಆವರಣದಲ್ಲಿ, 58ನೇ ಬೀದಿಯಲ್ಲಿರುವ ಈ ಸಂಸ್ಥೆಯನ್ನು ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಎಂಬ ವಿದ್ವಾಂಸರು ರಾಕ್‌ಫೆಲ್ಲರ್ ಕುಟುಂಬದ ಹಣದ ಬೆಂಬಲದಿಂದ 1919ರಲ್ಲಿ ಕಟ್ಟಿದರು. ಬಹಳ ಕಾಲ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಎಂದೇ ಹೆಸರು. 2023ರಲ್ಲಿ ಅದನ್ನು ಪ್ರಾಚೀನ ಸಂಸ್ಕೃತಿಗಳ ಅಧ್ಯಯನ ಸಂಸ್ಥೆ ಎಂಬ ಅರ್ಥದ ಹೆಸರಿಗೆ ಬದಲಾಯಿಸಿದರು. ಬ್ರೆಸ್ಟೆಡ್ ಇಲಿನಾಯ್ ರಾಜ್ಯದ ರಾಕ್‌ಫರ್ಡಿನಲ್ಲಿ ಹುಟ್ಟಿದವರು. ನೈಲ್ ನದಿಯಿಂದ ಪರ್ಷಿಯನ್ ಕೊಲ್ಲಿಯವರೆಗಿನ ಹಸಿರು ಪಟ್ಟಿಯನ್ನು 'ಫಲವತ್ತಾದ ಅರ್ಧಚಂದ್ರ' ಎಂದು ಶಾಲಾ ಪುಸ್ತಕಗಳ ಮೂಲಕ ಪ್ರಚಾರಕ್ಕೆ ತಂದವರೂ ಅವರೇ. ಆ ವಿವರಣೆಯನ್ನು ಓದಿದ ಅಪ್ಪ ಅಲ್ಲೇ ನಿಂತುಬಿಟ್ಟರು. ಮೂವತ್ತಮೂರು ವರ್ಷ ಅವರು ಬೋರ್ಡಿನ ಮೇಲೆ ಬರೆದ ಮಾತು ಅದು. ಅದನ್ನು ಬರೆದವರು ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿಯ ಊರಿನವರೆಂದು ಯಾರಿಗೆ ಗೊತ್ತಿತ್ತು?

ಒಳಗೆ ಹೋದರೆ ಹಜಾರದ ಕೊನೆಯಲ್ಲಿ ಅದು ನಿಂತಿದೆ. ಮನುಷ್ಯನ ಮುಖ, ಉದ್ದನೆಯ ಸುರುಳಿ ಗಡ್ಡ, ಗೂಳಿಯ ಮೈ, ಹದ್ದಿನ ರೆಕ್ಕೆ. ಎತ್ತರ 16 ಅಡಿ, ತೂಕ ಸುಮಾರು 40 ಟನ್. ಇದಕ್ಕೆ ಲಮಸ್ಸು ಎಂದು ಹೆಸರು. ನಮ್ಮ ಮಗಳು ನೋಡಿದವಳೇ "ಅಜ್ಜಿ, ಗಡ್ಡ ಇರೋ ಕಾಮಧೇನು!" ಎಂದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಆದರೆ ಅವಳು ಹೇಳಿದ್ದು ತಪ್ಪೂ ಅಲ್ಲ. ನಮ್ಮ ಮನೆಯ ಕ್ಯಾಲೆಂಡರಿನ ಕಾಮಧೇನುವಿಗೂ ಹೆಣ್ಣಿನ ಮುಖ, ಹಸುವಿನ ಮೈ, ರೆಕ್ಕೆ ಎಲ್ಲ ಇದೆ. ಕೆಲಸದಲ್ಲಿ ಮಾತ್ರ ಇದು ಬೇಲೂರಿನ ದ್ವಾರಪಾಲಕರ ಜಾತಿಗೆ ಸೇರಿದ್ದು. ಅರಮನೆಯ ಬಾಗಿಲ ಬದಿಯಲ್ಲಿ ನಿಂತು ಕೆಟ್ಟದ್ದು ಒಳಗೆ ಬಾರದಂತೆ ಕಾಯುವುದು. ಕಾಲು ಎಣಿಸಿ ನೋಡಿ, ಐದಿವೆ! ಎದುರಿನಿಂದ ನೋಡಿದರೆ ಎರಡು ಕಾಲೂರಿ ನಿಂತಂತೆ, ಪಕ್ಕದಿಂದ ನೋಡಿದರೆ ನಾಲ್ಕು ಕಾಲಿನಲ್ಲಿ ನಡೆಯುತ್ತಿರುವಂತೆ. ಶಿಲ್ಪಿ ಎರಡೂ ಕಡೆಯವರನ್ನು ತೃಪ್ತಿಪಡಿಸಲು ಒಂದು ಕಾಲು ಹೆಚ್ಚು ಕೆತ್ತಿದ್ದಾನೆ. ಸಾಫ್ಟ್‌ವೇರಿನಲ್ಲಿ ನಾವೂ ಇಂಥ ಐದನೆಯ ಕಾಲುಗಳನ್ನು ಸೇರಿಸುವುದುಂಟು, ಆದರೆ ಅವು 2,700 ವರ್ಷ ಬಾಳುವುದಿಲ್ಲ.

ಇದನ್ನು ಮಾಡಿಸಿದ ಎರಡನೆಯ ಸಾರ್ಗಾನ್ ಕ್ರಿ.ಪೂ. 722ರಿಂದ 705ರವರೆಗೆ ಆಳಿದ. ಹಳೆಯ ರಾಜಧಾನಿಗಳು ಸಾಲದೆ, ಈಗಿನ ಮೋಸುಲ್ ಪಟ್ಟಣದ ಈಶಾನ್ಯಕ್ಕೆ ತನ್ನದೇ ಹೆಸರಿನಲ್ಲಿ ಹೊಸ ಊರು ಕಟ್ಟಿಸಿದ. ಡೂರ್-ಶರ್ರುಕಿನ್, ಅಂದರೆ ಸಾರ್ಗಾನನ ಕೋಟೆ. ಅಲ್ಲಿನ ಈಗಿನ ಹಳ್ಳಿಯ ಹೆಸರು ಖೋರ್ಸಾಬಾದ್. ಸುಮಾರು ಹತ್ತು ವರ್ಷದ ಕೆಲಸ, ಕ್ರಿ.ಪೂ. 706ರಲ್ಲಿ ಗೃಹಪ್ರವೇಶ. ಮರುವರ್ಷವೇ ದೊರೆ ಯುದ್ಧದಲ್ಲಿ ಸತ್ತ, ಹೆಣವೂ ಸಿಗಲಿಲ್ಲ. ಮಗ ಸೆನಾಕೆರಿಬ್ ಆ ಊರೇ ಬೇಡವೆಂದು ರಾಜಧಾನಿಯನ್ನು ನಿನೆವೆಗೆ ಸಾಗಿಸಿದ. ವಾಸ್ತು ಸರಿಯಿಲ್ಲ ಅಂದುಕೊಂಡಿರಬೇಕು ಎಂದು ಅಮ್ಮನ ಅಭಿಪ್ರಾಯ. ಪೂರ್ತಿಯಾಗದ ಊರು ಹಾಗೇ ಮಣ್ಣಾಯಿತು.

1843ರಲ್ಲಿ ಫ್ರೆಂಚರು ಅಲ್ಲಿ ಅಗೆಯತೊಡಗಿದರು. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಗೂಳಿಗಳು ಆಗಿನವು. 1855ರಲ್ಲಿ ಅವರು ತೆಪ್ಪಗಳ ಮೇಲೆ ಸಾಗಿಸುತ್ತಿದ್ದ ಒಂದು ದೊಡ್ಡ ಸರಕು ಕುರ್ನಾ ಎಂಬಲ್ಲಿ ದರೋಡೆಗೆ ಸಿಕ್ಕಿ ನದಿಯಲ್ಲಿ ಮುಳುಗಿತು; ಬಹುಪಾಲು ಇವತ್ತಿಗೂ ಮೇಲೆ ಬಂದಿಲ್ಲ. ನಮ್ಮ ಚಿಕಾಗೋದ ಗೂಳಿ 1929ರದು. ವಿಶ್ವವಿದ್ಯಾಲಯದ ತಂಡಕ್ಕೆ ತುಂಡುತುಂಡಾಗಿ ಬಿದ್ದಿದ್ದ ಸ್ಥಿತಿಯಲ್ಲಿ ಸಿಕ್ಕಿತು. ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿನಲ್ಲಿ ನ್ಯೂಯಾರ್ಕಿಗೆ, ರೈಲಿನಲ್ಲಿ ಚಿಕಾಗೋಕ್ಕೆ ತಂದು ಜೋಡಿಸಿದರು. 1931ರಲ್ಲಿ ಕಟ್ಟಡ ತೆರೆಯುವ ಮುನ್ನವೇ ಅದನ್ನು ಒಳಗಿಟ್ಟು ಆಮೇಲೆ ಗೋಡೆ ಮುಗಿಸಿದರಂತೆ. ಹಾಗಾಗಿ ಅದು ಬಾಗಿಲಿನಲ್ಲಿ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ.

"ಅವರ ಕಲ್ಲನ್ನು ಇವರು ಹೇಗಯ್ಯ ತಂದರು?" ಅಪ್ಪನಿಗೆ ಇದು ಬಗೆಹರಿಯಬೇಕಿತ್ತು. ಆಗಿನ ಇರಾಕಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಬ್ರಿಟಿಷರ ಹಿಡಿತದ ಆ ಕಾಲದಲ್ಲಿ ಗರ್ಟ್ರೂಡ್ ಬೆಲ್ ಎಂಬ ಮಹಿಳೆ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥೆ. ಆಕೆ ರೂಪಿಸಿದ 1924ರ ಕಾಯಿದೆಯಂತೆ ಅಗೆದು ಸಿಕ್ಕಿದ್ದರಲ್ಲಿ ಬಾಗ್ದಾದ್ ಮ್ಯೂಸಿಯಮ್ಮಿಗೆ ಒಂದು ಪಾಲು, ಅಗೆದವರಿಗೆ ಒಂದು ಪಾಲು. ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡಂತೆ, ಆದರೆ ಇಲ್ಲಿ ಒಬ್ಬ ತಮ್ಮ ಮಾತ್ರ ಆ ಮನೆಯವನು. ಆಮೇಲಿನ ವರ್ಷಗಳಲ್ಲಿ ಇರಾಕ್ ಈ ಪಾಲುಗಾರಿಕೆಯನ್ನು ಬಿಗಿಗೊಳಿಸಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹಲ್ಮಿಡಿಯ ಮಾತೆತ್ತಿದರು. ನಮ್ಮ ಜಿಲ್ಲೆಯದೇ ಊರು, ಬೇಲೂರು ತಾಲ್ಲೂಕು. ಕ್ರಿ.ಶ. 450ರ ಸುಮಾರಿನದೆಂದು ಹೇಳುವ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಕಲ್ಲು ಸಿಕ್ಕ ಊರು. ಅದರ ಮುಂದೆ ಈ ಗೂಳಿ ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಿರಿಯ. ನಾವು ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋದಾಗ ಅಲ್ಲಿ ನೋಡಿದ್ದು ಪ್ರತಿಕೃತಿಯನ್ನು. ಮೂಲ ಕಲ್ಲು ಸರ್ಕಾರದ ಇಲಾಖೆಯ ವಶದಲ್ಲಿ ಪಟ್ಟಣದಲ್ಲಿದೆ. "ನಮ್ಮ ಕಲ್ಲು ನಮ್ಮ ರಾಜ್ಯದಲ್ಲೇ ಊರು ಬಿಟ್ಟು ಹೋಗಿದೆ. ಅಷ್ಟಕ್ಕೇ ಊರವರಿಗೆ ಬೇಜಾರು. ಇನ್ನು ಇವರಿಗೆ ಹೇಗಾಗಬೇಡ" ಎಂದರು. ಆದರೆ 2015ರಲ್ಲಿ ಏನಾಯಿತೆಂಬುದೂ ಅವರಿಗೆ ಗೊತ್ತಿತ್ತು. 2014ರ ಜೂನ್‌ನಲ್ಲಿ ಮೋಸುಲನ್ನು ಹಿಡಿದ ಐಸಿಸ್ ಉಗ್ರರು ಮರುವರ್ಷ ನಿನೆವೆಯ ಬಾಗಿಲ ಲಮಸ್ಸುವಿನ ಮುಖವನ್ನು ಡ್ರಿಲ್ ಯಂತ್ರದಿಂದ ಕೊರೆದು ವಿಡಿಯೋ ಮಾಡಿದರು, ನಿಮ್ರೂದ್‌ನ ಅರಮನೆಯನ್ನು ಸಿಡಿಮದ್ದಿಟ್ಟು ಹಾರಿಸಿದರು. ಖೋರ್ಸಾಬಾದಿಗೂ ನುಗ್ಗಿದರೆಂದು ಸುದ್ದಿ ಬಂತು. ಈ ಗೂಳಿ ಇಲ್ಲಿಲ್ಲದೆ ಅಲ್ಲೇ ಇದ್ದಿದ್ದರೆ? ಇಲ್ಲಿರುವುದರಿಂದ ಅದು ಉಳಿಯಿತು; ಇಲ್ಲಿರುವುದರಿಂದಲೇ ಮೋಸುಲಿನ ಶಾಲೆಯ ಮಗು ಅದನ್ನು ನೋಡಬೇಕಾದರೆ ಅಮೆರಿಕದ ವೀಸಾ ಬೇಕು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂದು ನಮಗನ್ನಿಸಿತು.

ಇದೇ ಸಂಸ್ಥೆಯ ಇನ್ನೊಂದು ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಜೇಡಿಮಣ್ಣಿನ ಹಲಗೆಗಳ ಮೇಲೆ ಬೆಣೆಯಾಕಾರದ ಲಿಪಿಯಲ್ಲಿ ಬರೆಯುತ್ತಿದ್ದ ಅಕ್ಕಾಡಿಯನ್ ಭಾಷೆಗೆ ಇಲ್ಲಿ 1921ರಲ್ಲಿ ನಿಘಂಟು ಶುರುಮಾಡಿದರು. ಮೊದಲ ಸಂಪುಟ ಹೊರಬಂದದ್ದು 1956ರಲ್ಲಿ, ಇಪ್ಪತ್ತೊಂದು ಸಂಪುಟಗಳು ಮುಗಿದದ್ದು 2011ರಲ್ಲಿ. ತೊಂಬತ್ತು ವರ್ಷ! ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳು ಕೇಳಿದರೆ ಮೂರ್ಛೆ ಹೋದಾರು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇದೇ ದಾರಿಯದು. 1940ರ ದಶಕದಲ್ಲಿ ಹೊರಟದ್ದು, ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಆಯುಷ್ಯವನ್ನೇ ಸವೆಸಿದ ಕೆಲಸ. ಚಿಕಾಗೋದ ನಿಘಂಟು ಮಾತನಾಡುವವರೇ ಇಲ್ಲದ ಭಾಷೆಗಾಗಿ, ಇಡೀ ಪ್ರಪಂಚಕ್ಕೆ ಬಿಟ್ಟಿಯಾಗಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ.

ಹೊರಡುವ ಮುನ್ನ ಇನ್ನೊಂದು ಗೋಡೆಯ ಬಳಿ ಅಪ್ಪನಿಗೆ ಬ್ಯಾಬಿಲೋನಿನ ಮೊದಲ ದರ್ಶನವಾಯಿತು. ನೀಲಿ ಇಟ್ಟಿಗೆಯ ಮೇಲೆ ಬಾಯ್ತೆರೆದು ನಡೆಯುವ ಎರಡು ಸಿಂಹಗಳು. ಇವು ಮೆರವಣಿಗೆ ಬೀದಿಯವು. ಹಬ್ಬದ ದಿನ ದೇವರ ಉತ್ಸವ ಹೊರಡುತ್ತಿದ್ದ ಆ ರಾಜಬೀದಿಯ ಎರಡೂ ಬದಿಗೆ ಇಂಥ ನೂರಕ್ಕೂ ಹೆಚ್ಚು ಸಿಂಹಗಳಿದ್ದವು. "ಬಾಗಿಲು ಎಲ್ಲಿದೆ?" ಎಂದರು. ಬಾಗಿಲಿಗಾಗಿ ಡೆಟ್ರಾಯಿಟಿಗೆ ಹೊರಟೆವು.

ಐ-94ರಲ್ಲಿ ನಾಲ್ಕೂವರೆ ಗಂಟೆಯ ದಾರಿ. ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಊಟದ ಹೊತ್ತು ಮೀರಿಯೇ ತಲಪುವುದು. ಡೆಟ್ರಾಯಿಟ್ ಮುಟ್ಟುವ ಮೊದಲೇ ಡಿಯರ್‌ಬಾರ್ನ್ ಸಿಗುತ್ತದೆ. ಹೆನ್ರಿ ಫೋರ್ಡನ ಕಾರ್ಖಾನೆಗೆ ಕೆಲಸಕ್ಕೆ ಬಂದ ಲೆಬನಾನ್, ಯೆಮೆನ್ ಕಡೆಯವರು ಬೆಳೆಸಿದ ಊರು. 2020ರ ಜನಗಣತಿಯಂತೆ ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮೂಲದವರು. ಪುರಸಭೆಯ ಹಳೆಯ ಕಟ್ಟಡದ ಎದುರಿಗೆ, ಮಿಷಿಗನ್ ಅವೆನ್ಯೂವಿನಲ್ಲಿ ನೀಲಿ ಹೆಂಚಿನ ಗುಮ್ಮಟದ ಅರಬ್ ಅಮೆರಿಕನ್ ರಾಷ್ಟ್ರೀಯ ಮ್ಯೂಸಿಯಮ್ ಇದೆ. 2005ರಲ್ಲಿ ತೆರೆದದ್ದು, ಈ ಬಗೆಯದು ಅಮೆರಿಕದಲ್ಲೇ ಮೊದಲನೆಯದು. ಇಲ್ಲಿರುವುದು ರಾಜರ ಸಾಮಾನಲ್ಲ. ವಲಸೆ ಬಂದವರ ಪೆಟ್ಟಿಗೆ, ಪಾಸ್‌ಪೋರ್ಟು, ಅಂಗಡಿಯ ತಕ್ಕಡಿ, ಅಂಥವು. ನಮ್ಮವರ ಪ್ರೆಷರ್ ಕುಕ್ಕರ್, ವಿ.ಐ.ಪಿ. ಸೂಟ್‌ಕೇಸುಗಳೂ ಒಂದು ದಿನ ಎಲ್ಲಾದರೂ ಹೀಗೆ ಗಾಜಿನ ಹಿಂದೆ ಕುಳಿತಾವು ಎಂದು ನಾವು ನಕ್ಕೆವು.

ಅರಬ್ ಪದಗಳು ಬೇರೆ ಭಾಷೆಗಳಿಗೆ ಹರಡಿದ ಬಗೆ ಮಾತಿಗೆ ಬಂದಾಗ ಅಪ್ಪನೊಳಗಿನ ಮೇಷ್ಟ್ರು ಎದ್ದರು. ನಮ್ಮ ಕಾನೂನು, ವಕೀಲ, ಅರ್ಜಿ, ತಾರೀಖು, ಹಾಜರಿ, ವಸೂಲಿ, ಬಾಕಿ ಎಲ್ಲ ಅಲ್ಲಿಂದ ಪಾರಸಿಯ ಮೂಲಕ ಬಂದವು. ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು ಅಂದರೆ ಜಿಲ್ಲೆಯೂ ಅರಬ್ಬಿ, ತಾಲ್ಲೂಕೂ ಅರಬ್ಬಿ! ನಮ್ಮ ಕಸುಬಿನ 'ಅಲ್ಗಾರಿದಮ್' ಕೂಡ ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಿಂದ ಬಂದದ್ದು. ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಆತ ಬರೆದ ಪುಸ್ತಕ ಆಮೇಲೆ ಯೂರೋಪಿಗೆ ತಲಪಿತು.

ಅಮ್ಮನಿಗೆ ಊಟದ ಚಿಂತೆಯಿತ್ತು. ಅದು ತಾನಾಗಿ ಪರಿಹಾರವಾಯಿತು. ಅಕ್ಕಿ, ಬೇಳೆ ಬೇಯಿಸಿ ಮೇಲೆ ಹುರಿದ ಈರುಳ್ಳಿ ಹಾಕುವ ಮುಜದ್ದರಾ ಬಂತು. "ನಮ್ಮ ಹುಗ್ಗಿಯ ನೆಂಟ" ಎಂದು ಎರಡು ಸಲ ಬಡಿಸಿಕೊಂಡರು. ಆಮೇಲೆ ಯೆಮೆನ್‌ನವರ ಕಾಫಿ ಅಂಗಡಿಗೆ ಹೋದೆವು. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಐತಿಹ್ಯ ನಮ್ಮ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಆ ಬೀಜ ಬಂದದ್ದು ಯೆಮೆನ್ನಿನ ಮೋಕಾ ಬಂದರಿನಿಂದ. ಏಲಕ್ಕಿ ಹಾಕಿದ ಕಾಫಿಯನ್ನು ಅಮ್ಮ ಒಂದು ಗುಟುಕು ಕುಡಿದು, "ಬೀಜ ಅವರದ್ದಿರಬಹುದು, ಡಿಕಾಕ್ಷನ್ ಮಾಡೋದು ನಮಗೇ ಬರೋದು" ಎಂದು ಲೋಟ ಕೆಳಗಿಟ್ಟರು.

ಮಾರನೆಯ ದಿನ ಬೆಳಿಗ್ಗೆ ವುಡ್‌ವರ್ಡ್ ಅವೆನ್ಯೂ. ಇಪ್ಪತ್ತು ವರ್ಷ ತಡವಾಗಿ ನಾವು ರಸ್ತೆ ದಾಟಿದೆವು.

ನೀಲಿ ಗೋಡೆಯ ಮೇಲೆ ಒಂದು ವಿಚಿತ್ರ ಪ್ರಾಣಿ. ಹಾವಿನ ತಲೆ, ಅದಕ್ಕೆ ಕೊಂಬು, ಹುರುಪೆಯ ಮೈ, ಮುಂಗಾಲು ಸಿಂಹದ್ದು, ಹಿಂಗಾಲು ಹದ್ದಿನದ್ದು. ಉದ್ದ ಐದೂವರೆ ಅಡಿ ಇರಬಹುದು. ಬ್ಯಾಬಿಲೋನಿನ ಕುಲದೇವರು ಮರ್ದುಕನ ವಾಹನ ಇದು. ಮುಶ್‌ಹುಶ್ಶು ಎಂದು ಹೆಸರು. ನೆಬುಕಡ್ನೆಜರ್ ದೊರೆ (ಆಳ್ವಿಕೆ ಕ್ರಿ.ಪೂ. 604ರಿಂದ 562) ಕಟ್ಟಿಸಿದ ಇಶ್ತಾರ್ ಬಾಗಿಲಿನ ಮೇಲೆ ಇಂಥ ಪ್ರಾಣಿಗಳ ಸಾಲು, ಗೂಳಿಗಳ ಸಾಲು ಒಂದರ ಮೇಲೊಂದು ಇದ್ದವು. ಗಂಡಭೇರುಂಡ, ಶರಭಗಳನ್ನು ಕಂಡ ನಮಗೆ ಇದು ತೀರಾ ಅಪರಿಚಿತವೆನಿಸಲಿಲ್ಲ. ಆಶ್ಚರ್ಯವೆಂದರೆ ಇದನ್ನು ಗೋಡೆ ಕಟ್ಟಿದ ಮೇಲೆ ಕೆತ್ತಿದ್ದಲ್ಲ. ಪ್ರಾಣಿಯ ಒಂದೊಂದು ಚೂರನ್ನೂ ಬೇರೆ ಬೇರೆ ಇಟ್ಟಿಗೆಯಾಗಿ ಅಚ್ಚಿನಲ್ಲಿ ತೆಗೆದು, ಬಣ್ಣದ ಮೆರುಗು ಕೊಟ್ಟು ಸುಟ್ಟು, ಯಾವುದು ಎಲ್ಲಿಗೆ ಎಂದು ಇಟ್ಟಿಗೆಯ ಮೇಲೆ ಗುರುತು ಹಾಕಿ ಜೋಡಿಸಿದ್ದು. 2,600 ವರ್ಷದ ಹಿಂದಿನ ಪಾರ್ಟ್ ನಂಬರ್! ಫೋರ್ಡನ ಊರಿಗೆ ಇದಕ್ಕಿಂತ ಹೊಂದುವ ವಸ್ತು ಇನ್ನಾವುದಿದ್ದೀತು?

ಈ ಇಟ್ಟಿಗೆಗಳನ್ನು 1899ರಿಂದ 1917ರವರೆಗೆ ಅಗೆದವರು ಜರ್ಮನಿಯ ರಾಬರ್ಟ್ ಕೋಲ್ಡೆವೈ. ಲೆಕ್ಕವಿಲ್ಲದ ಚೂರುಗಳನ್ನು ಬರ್ಲಿನ್ನಿಗೆ ಸಾಗಿಸಿ, ವಿಂಗಡಿಸಿ, 1930ರಲ್ಲಿ ಅಲ್ಲಿನ ಪೆರ್ಗಮಾನ್ ಮ್ಯೂಸಿಯಮ್ಮಿನಲ್ಲಿ ಬಾಗಿಲನ್ನು ಮರಳಿ ಕಟ್ಟಿದರು. ಕೆಲವು ಪ್ರಾಣಿಗಳು ಬೇರೆ ಮ್ಯೂಸಿಯಮ್ಮುಗಳಿಗೆ ಹೋದವು. ಚಿಕಾಗೋದ ಸಿಂಹ, ಡೆಟ್ರಾಯಿಟಿನ ಸರ್ಪಸಿಂಹ ಹಾಗೆ ಬಂದ ಅಣ್ಣತಮ್ಮಂದಿರು. ಮೂಲ ಊರಿನಲ್ಲಿ ಉಳಿದದ್ದು ಅಡಿಪಾಯದ ಬಣ್ಣವಿಲ್ಲದ ಗೋಡೆಗಳು. 1980ರ ದಶಕದಲ್ಲಿ ಸದ್ದಾಂ ಹುಸೇನ್ ಅವುಗಳ ಸುತ್ತ ಹೊಸ ಗೋಡೆ ಎಬ್ಬಿಸಿ, ನೆಬುಕಡ್ನೆಜರನ ಹಾಗೆಯೇ ಇಟ್ಟಿಗೆಗಳ ಮೇಲೆ ತನ್ನ ಹೆಸರು ಒತ್ತಿಸಿದ. 2003ರ ಯುದ್ಧದ ಮೇಲೆ ಅಮೆರಿಕದ ಮತ್ತು ಮಿತ್ರ ದೇಶಗಳ ಸೈನ್ಯ ಆ ಜಾಗದಲ್ಲೇ ಶಿಬಿರ ಹೂಡಿತು. ಭಾರೀ ವಾಹನಗಳು, ಕಂದಕಗಳಿಂದ ಆದ ಹಾನಿಯನ್ನು ಬ್ರಿಟಿಷ್ ಮ್ಯೂಸಿಯಮ್ 2005ರಲ್ಲಿ, ಯುನೆಸ್ಕೋ 2009ರಲ್ಲಿ ದಾಖಲಿಸಿದವು. ನಾವು ತೆರಿಗೆ ಕಟ್ಟುವ ದೇಶ ಇದು. ಅಪ್ಪ ಏನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಈ ಮ್ಯೂಸಿಯಮ್ಮಿಗೂ ಕಂಟಕ ಬಂದಿತ್ತು. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರ ಸುಮಾರು 18 ಶತಕೋಟಿ ಡಾಲರ್ ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿದಾಗ ಇಲ್ಲಿನ ಚಿತ್ರ, ಶಿಲ್ಪಗಳನ್ನು ಮಾರಿ ಸಾಲ ತೀರಿಸಬೇಕೆಂಬ ಒತ್ತಡ ಬಂತು. ಹರಾಜು ಸಂಸ್ಥೆಯವರು ಬಂದು ಬೆಲೆಯನ್ನೂ ಕಟ್ಟಿದರು. ಆಗ ನಾವು ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದೆವು. ಕೊನೆಗೆ ದತ್ತಿ ಸಂಸ್ಥೆಗಳು, ಮಿಷಿಗನ್ ರಾಜ್ಯ, ಮ್ಯೂಸಿಯಮ್ಮಿನ ದಾನಿಗಳು ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಹೊಂದಿಸಿ, ನಿವೃತ್ತ ನೌಕರರ ಪಿಂಚಣಿಗೂ ಒದಗಿಸಿ ಸಂಗ್ರಹವನ್ನು ಉಳಿಸಿಕೊಂಡರು. ಮಕ್ಕಳಿಗೆ ಇಲ್ಲಿ ಬಿಡದೆ ತೋರಿಸಬೇಕಾದದ್ದು ಡಿಯೇಗೋ ರಿವೇರಾ 1932-33ರಲ್ಲಿ ಬರೆದ ಕಾರ್ ಕಾರ್ಖಾನೆಯ ಭಿತ್ತಿಚಿತ್ರಗಳು. ವೇನ್, ಓಕ್‌ಲೆಂಡ್, ಮಕೋಂಬ್ ಕೌಂಟಿಯವರಿಗೆ ಪ್ರವೇಶ ಉಚಿತ, ಏಕೆಂದರೆ ಅವರ ಮನೆ ತೆರಿಗೆಯಲ್ಲೇ ಅದು ಸೇರಿದೆ. ಚಿಕಾಗೋದ ಮ್ಯೂಸಿಯಮ್ಮಿನಲ್ಲಿ ಕೈಲಾದಷ್ಟು ಕಾಣಿಕೆ. ಸೋಮವಾರ ಹೋಗಿ ಬಾಗಿಲು ನೋಡಿ ಬರಬೇಡಿ.

ಅವತ್ತು ಸಂಜೆ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಹಳೆಯ ದಿನಸಿ ಅಂಗಡಿಗೆ ಹೋದೆವು. ಇದರ ಯಜಮಾನರು ಖಾಲ್ದಿಯನ್ ಜನ. ಮೋಸುಲಿನ ಉತ್ತರಕ್ಕಿರುವ ತೆಲ್ ಕೆಪ್ಪೆಯವರು. ಇರಾಕಿನವರಾದರೂ ತಾವು ಅರಬರಲ್ಲ ಎಂದು ಮೊದಲ ದಿನವೇ ನಮ್ಮನ್ನು ತಿದ್ದಿದ್ದರು. ಕ್ರೈಸ್ತರು, ಮನೆಮಾತು ಸೂರೆತ್, ಏಸುವಿನ ಕಾಲದ ಅರಾಮಿಕ್ ಭಾಷೆಯ ಸಂತತಿ. ಇರಾಕಿನ ಹೊರಗೆ ಖಾಲ್ದಿಯನ್ನರು ಅತಿ ಹೆಚ್ಚಾಗಿ ಇರುವುದು ಡೆಟ್ರಾಯಿಟಿನ ಸುತ್ತಮುತ್ತಲೇ. ಸಬ್ಬಸಿಗೆ ಸೊಪ್ಪು, ಎಳೆ ಬೆಂಡೆಕಾಯಿಗೆ ನಾವು ಎಂಟು ವರ್ಷ ಆ ಅಂಗಡಿಯನ್ನೇ ನೆಚ್ಚಿಕೊಂಡಿದ್ದೆವು. ನಮ್ಮ ಹಾಗೆಯೇ ಅವರಿಗೂ ಒಂದೇ ಗೋಳು: ಮಕ್ಕಳಿಗೆ ಸೂರೆತ್ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಪ್ಪ ಬ್ಯಾಬಿಲೋನಿನ ವಿಷಯ ಹೇಳಿದಾಗ ಅವರು ಗಲ್ಲಾದಿಂದ ಎದ್ದು ಬಂದು ಕುರ್ಚಿ ಹಾಕಿ ಕೂರಿಸಿದರು. ಚಿಕ್ಕಂದಿನಲ್ಲಿ ಶಾಲೆಯಿಂದ ನಿನೆವೆಗೆ ಬಸ್ಸಿನಲ್ಲಿ ಹೋಗಿದ್ದರಂತೆ. ನಮ್ಮಲ್ಲಿ ಹಳೇಬೀಡಿಗೆ ಹೋದ ಹಾಗೆ ಬುತ್ತಿ ಕಟ್ಟಿಕೊಂಡು. ಅವರ ತಾಯಿ ಊರು ಬಿಡಲೊಪ್ಪದೆ ಅಲ್ಲೇ ಇದ್ದವರು. 2014ರ ಆಗಸ್ಟ್‌ನಲ್ಲಿ ಐಸಿಸ್ ತೆಲ್ ಕೆಪ್ಪೆಗೆ ಬಂದಾಗ ಉಟ್ಟ ಬಟ್ಟೆಯಲ್ಲಿ ಹೊರಟು, ಎರಡು ವರ್ಷ ಬೇರೆ ದೇಶದಲ್ಲಿ ಕಾದು, ಮಗನ ಹತ್ತಿರ ಬಂದರು. ಬಂದ ಮೇಲೆ ಮನೆಯಿಂದ ಹೊರಗೇ ಹೋಗುತ್ತಿರಲಿಲ್ಲವಂತೆ. ಒಮ್ಮೆ ಮಗ ಬಲವಂತ ಮಾಡಿ ಚಿಕಾಗೋದ ಗೂಳಿಯ ಮುಂದೆ ಕರೆದುಕೊಂಡು ಹೋದ. ಮುದುಕಿ ಬಹಳ ಹೊತ್ತು ನೋಡಿ ಸೂರೆತ್‌ನಲ್ಲಿ, "ನೀನೂ ಬಂದುಬಿಟ್ಟೆಯಾ?" ಎಂದು ಕೈಚಾಚಿದರಂತೆ. ಮುಟ್ಟಬಾರದೆಂದು ಕಾವಲಿನವರು ಹತ್ತಿರ ಬಂದರು. ಆಮೇಲೆ ಅವರೂ ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡರಂತೆ.

ಅಪ್ಪ-ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಅಕ್ಟೋಬರ್ ಕೊನೆಯಲ್ಲಿ ಒಂದು ರಾತ್ರಿ ವಾಟ್ಸಾಪಿನಲ್ಲಿ ಅಪ್ಪನ ಫೋನ್. "ನಿಮ್ಮ ಚಿಕಾಗೋ ಬಸವನ ತಮ್ಮ ಸಿಕ್ಕಿದಾನಂತೆ, ನೋಡಿದ್ಯಾ?" ನಿಜವೇ. ಫ್ರೆಂಚ್ ಮತ್ತು ಇರಾಕಿ ತಂಡ ಖೋರ್ಸಾಬಾದಿನಲ್ಲಿ ಇನ್ನೊಂದು ಲಮಸ್ಸುವನ್ನು ಮಣ್ಣಿನಿಂದ ಬಿಡಿಸಿತ್ತು. ಸುಮಾರು 18 ಟನ್, ಮೈಯೆಲ್ಲ ಚೆನ್ನಾಗಿದೆ, ತಲೆ ಮಾತ್ರ ಇಲ್ಲ. ತಲೆಯನ್ನು 1990ರ ದಶಕದಲ್ಲಿ ಕಳ್ಳರು ಕತ್ತರಿಸಿ ಒಯ್ಯುವಾಗ ಸಿಕ್ಕಿಬಿದ್ದು, ಅದು ಬಾಗ್ದಾದ್ ಮ್ಯೂಸಿಯಮ್ ಸೇರಿತ್ತು. ಉಳಿದ ಮೈಯನ್ನು ಐಸಿಸ್ ಬರುವ ಮುನ್ನ ಹಳ್ಳಿಯವರೇ ಮರೆಮಾಡಿ ಆಮೇಲೆ ಊರು ಬಿಟ್ಟಿದ್ದರಂತೆ. ಹಿಂದೆ ದಾಳಿಯ ಭಯ ಬಂದಾಗ ದೇವರ ವಿಗ್ರಹವನ್ನು ಕಲ್ಯಾಣಿಯಲ್ಲಿ ಮುಳುಗಿಸಿಟ್ಟ ಕತೆ ನಮ್ಮೂರಿನಲ್ಲೂ ಇದೆ. ಅದನ್ನು ಅಪ್ಪ ಆ ರಾತ್ರಿ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿದರು.

ಮಾರನೆಯ ದಿನ ಸ್ಟರ್ಲಿಂಗ್ ಹೈಟ್ಸ್‌ಗೆ ಫೋನ್ ಮಾಡಿದೆವು. ಅಂಗಡಿಯವರಿಗೆ ಸುದ್ದಿ ಆಗಲೇ ಗೊತ್ತಿತ್ತು. ತಾಯಿ ಆ ವಿಡಿಯೋವನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದ್ದರು. ತಲೆ ಎಲ್ಲಿ ಎಂದು ಕೇಳಿದರಂತೆ. ಬಾಗ್ದಾದಿನಲ್ಲಿದೆ ಎಂದು ಮಗ ಹೇಳಿದರೆ, "ಹಾಗಾದರೆ ಹತ್ತಿರವೇ ಇದೆಯಲ್ಲ" ಎಂದು ಎದ್ದು ಒಲೆಯ ಮೇಲಿನ ಟೀ ನೋಡಲು ಹೋದರಂತೆ.